ಹಳೆ 'ಡೂ-ವಾಪ್' ಹಾಡು ಕೇಳಿದರೆ ದುಡಿಯುವ ಜನ ಯಾಕೆ ಅಷ್ಟು ಕರಗುತ್ತಾರೆ?

1950ರ ದಶಕದ ಅಮೆರಿಕದಲ್ಲಿ ನಾಲ್ಕೈದು ಜನ ಸೇರಿ 'ಡೂ-ವಾಪ್', 'ಶ-ಬೂಮ್' ಅಂತೆಲ್ಲ ಹಾಡುತ್ತಿದ್ದರಲ್ಲ, ಅದರಲ್ಲಿ ಮಾತೇ ಸರಿಯಾಗಿಲ್ಲ, ಇದ್ದರೂ ಹುಡುಗ ಹುಡುಗಿ ಪ್ರೀತಿ ಅಷ್ಟೇ, ಹಾಗಿದ್ದೂ ಅಲ್ಲಿನ ಕಾರ್ಖಾನೆ, ಗೋದಾಮಿನ ವಯಸ್ಸಾದ ಕೆಲಸಗಾರರಿಗೆ ಇವತ್ತಿಗೂ ಅದೆಂದರೆ ಪ್ರಾಣ, ಇದೇನು ಹಳೆ ನೆನಪಿನ ಖುಷಿ ಮಾತ್ರವಾ ಅಂತ ಕೇಳಿದ್ದೀರಿ. ನಾನು 2003ರಿಂದ ಐದು ವರ್ಷ ನ್ಯೂಜೆರ್ಸಿಯ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ನನ್ನ ಪಕ್ಕದ ಬೆಂಚಿನಲ್ಲಿ ಒಬ್ಬ ಹಿರಿಯರು ಪ್ಯಾಕಿಂಗ್ ಮಾಡುತ್ತಿದ್ದರು. ನ್ಯೂವಾರ್ಕ್ ಊರಿನವರು, ಕಪ್ಪು ಜನಾಂಗದವರು, ಆಗಲೇ ಅರವತ್ತು ದಾಟಿತ್ತು. ಕೈ ರಟ್ಟಿನ ಡಬ್ಬ ಮಡಚುತ್ತಿದ್ದರೆ ಬಾಯಲ್ಲಿ ಏನೋ ಗುನುಗು. ಆ ಗುನುಗಿಗೆ ತಲೆಬುಡ ಇರಲಿಲ್ಲ. 'ಊ' ಅಂತ ಒಂದೇ ಸ್ವರವನ್ನು ಹಿಡಿದು ನಿಲ್ಲುತ್ತಿದ್ದರು, ಒಂದು ಮೆಟ್ಟಿಲು ಇಳಿಯುತ್ತಿದ್ದರು, ಮತ್ತೆ ಅಲ್ಲೇ ನಿಲ್ಲುತ್ತಿದ್ದರು. ನಡುನಡುವೆ ಪೂರ್ತಿ ಸುಮ್ಮನಾಗುತ್ತಿದ್ದರು, ಯಾರಿಗೋ ದಾರಿ ಬಿಟ್ಟ ಹಾಗೆ. ಒಂದು ದಿನ ತಡೆಯಲಾಗದೆ ಕೇಳಿಬಿಟ್ಟೆ, ಇದು ಯಾವ ಹಾಡು ಅಂತ.

"ಇದು ಹಾಡಲ್ಲಪ್ಪ, ಹಾಡಿನಲ್ಲಿ ನನ್ನ ಪಾಲು. ಮಿಕ್ಕ ಮೂರು ಜನ ಇಲ್ಲಿಲ್ಲವಲ್ಲ" ಅಂದರು.

ಅದೇ ವಾರ ಒಂದು ರಾತ್ರಿ, ಸುಮಾರು ಎರಡು ಗಂಟೆ ಇರಬೇಕು, ಬೆಂಚಿನ ಮೇಲಿದ್ದ ರೇಡಿಯೊದಲ್ಲಿ ಆ ಹಾಡು ಬಂತು. ಅವರು ಟೇಪ್ ಎಳೆಯುತ್ತಲೇ ಅದೇ 'ಊ' ಶುರು ಮಾಡಿದರು. ಈಗ ಆ ಸ್ವರ ಉಳಿದ ದನಿಗಳ ನಡುವೆ ಸರಿಯಾಗಿ ಕೂತುಕೊಂಡಿತು, ಅಷ್ಟು ದಿನ ನನಗೆ ಅಡ್ಡಾದಿಡ್ಡಿ ಕೇಳಿಸುತ್ತಿದ್ದದ್ದು ಇದೇನಾ ಅನ್ನಿಸಿತು. ಟೇಪ್ ಗನ್ ಕೈಯಲ್ಲೇ ಹಿಡಿದು ನಿಂತುಬಿಟ್ಟೆ.

ನಮ್ಮಂಥವರ ಕಿವಿಗೆ ಇದು ಹೊಸದು. ನಮ್ಮಲ್ಲಿ ಹತ್ತು ಜನ ಸೇರಿ ಹಾಡಿದರೂ ಭಜನೆಯ ಹಾಗೆ ಎಲ್ಲರೂ ಒಂದೇ ಧಾಟಿ ಹಿಡಿಯುತ್ತೇವೆ. ಇಲ್ಲಿ ಹಾಗಲ್ಲ. ಮುಂದೆ ನಿಂತವನು ಹಾಡಿನ ಮಾತು ಹೇಳುತ್ತಾನೆ. ಒಬ್ಬ ಅವನ ತಲೆಯ ಮೇಲೆ ಫಾಲ್ಸೆಟ್ಟೊ ಅನ್ನುವ ತೆಳ್ಳನೆಯ ದನಿಯಲ್ಲಿ ತೇಲುತ್ತಾನೆ. ಕೆಳಗೆ ಬಾಸ್ ದನಿಯವನು 'ಬಾಂ ಬಾಂ' ಅಂತ ನೆಲ ಹಾಕಿಕೊಡುತ್ತಾನೆ. ನಡುವಿನವರು ಟೆನರ್, ಬ್ಯಾರಿಟೋನ್; ಟೆನರ್ ಸ್ವಲ್ಪ ಎತ್ತರದ ದನಿ, ಬ್ಯಾರಿಟೋನ್ ಅದಕ್ಕಿಂತ ತಗ್ಗಿನದು. ಅವರ ಪಾಲನ್ನು ಬಿಡಿಸಿ ಕೇಳಿದರೆ ಏನೂ ಅಲ್ಲ, ತೆಗೆದುಬಿಟ್ಟರೆ ಮಾತ್ರ ಇಡೀ ಹಾಡು ಬಡಕಲಾಗುತ್ತದೆ. ನಮ್ಮ ಹಿರಿಯರದು ಎರಡನೇ ಟೆನರ್.

ನೀವು ಅರ್ಥವಿಲ್ಲದ್ದು ಅಂದ ಶಬ್ದಗಳು ಇವೆಯಲ್ಲ, ಅವು ವಾದ್ಯಗಳು. ನ್ಯೂಯಾರ್ಕಿನ ಹಾರ್ಲೆಮ್, ಬ್ರಾಂಕ್ಸ್, ಆಮೇಲೆ ಬಾಲ್ಟಿಮೋರ್, ಫಿಲಡೆಲ್ಫಿಯಾದ ಆ ಹುಡುಗರಲ್ಲಿ ಬಹಳ ಜನಕ್ಕೆ ಗಿಟಾರ್, ಡ್ರಮ್ ಕೊಳ್ಳಲು ಕಾಸಿರಲಿಲ್ಲ. ಡ್ರಮ್ಮಿನ ಕೆಲಸ, ಬಾಸ್ ಗಿಟಾರಿನ ಕೆಲಸ, ತುತ್ತೂರಿಯ ಕೆಲಸ ಎಲ್ಲವನ್ನೂ ಗಂಟಲಿಂದಲೇ ಮಾಡಿದರು. ಹಾಡುವ ಜಾಗವೂ ಪುಕ್ಕಟೆ. ಬೀದಿಯ ಮೂಲೆ, ಬಾಡಿಗೆ ಮನೆಗಳ ಮೆಟ್ಟಿಲು, ಸಬ್‌ವೇ ನಿಲ್ದಾಣ, ಶಾಲೆಯ ಶೌಚಾಲಯ. ಗೋಡೆ ದನಿಯನ್ನು ತಿರುಗಿಸಿ ಕೊಡುವ ಕಡೆಯೆಲ್ಲ ಹಾಡಿದರು. ನಮ್ಮ ಹಿರಿಯರ ಗುಂಪು ಹಾಡುತ್ತಿದ್ದದ್ದು ಒಂದು ಕಟ್ಟಡದ ಮೂರನೇ ಮಹಡಿಯ ಮೆಟ್ಟಿಲ ಮೇಲೆ. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರು ಬಾಗಿಲು ತೆಗೆದು ಬೈಯುತ್ತಿದ್ದರಂತೆ. ಒಬ್ಬರು ಮಾತ್ರ ಬೈಯದೆ, ಬಾಸ್ ಹುಡುಗನ ಶ್ರುತಿ ಇಳಿಯುತ್ತಿದೆ ನೋಡಿ ಅಂತ ಹೇಳಿ ಬಾಗಿಲು ಹಾಕಿಕೊಂಡರಂತೆ. ಐವತ್ತು ವರ್ಷ ಕಳೆದರೂ ನಮ್ಮ ಹಿರಿಯರಿಗೆ ಆ ಮಾತು ನೆನಪಿತ್ತು.

ಹಾಡಿದವರು ಯಾರು ಅನ್ನುವುದನ್ನೂ ನೋಡಿ. ಬಾಲ್ಟಿಮೋರಿನ ಓರಿಯೋಲ್ಸ್ ಗುಂಪು 1948ರಲ್ಲೇ ಈ ದಾರಿ ತೆರೆಯಿತು. ಆಮೇಲೆ ಎಷ್ಟೋ ಗುಂಪುಗಳು ಹಕ್ಕಿಗಳ ಹೆಸರನ್ನೇ ಇಟ್ಟುಕೊಂಡವು, ಪೆಂಗ್ವಿನ್ಸ್, ಫ್ಲೆಮಿಂಗೋಸ್ ಹೀಗೆ. ಫೋರ್ ಸೀಸನ್ಸ್ ಗುಂಪಿನ ಫ್ರಾಂಕಿ ವ್ಯಾಲಿ ನ್ಯೂವಾರ್ಕಿನ ಹುಡುಗ, ಹಾಡಿನಿಂದ ಹೊಟ್ಟೆ ತುಂಬುವ ಮೊದಲು ಕ್ಷೌರದ ಕೆಲಸ ಕಲಿತು ಮಾಡಿದವರು. ಆ ಗುಂಪಿಗೆ ಹೆಸರು ಸಿಕ್ಕಿದ್ದು ನ್ಯೂಜೆರ್ಸಿಯಲ್ಲಿ ಚೆಂಡು ಉರುಳಿಸಿ ಗೂಟ ಬೀಳಿಸುವ ಒಂದು ಬೌಲಿಂಗ್ ಅಂಗಳದಿಂದ. ಅಲ್ಲಿ ಹಾಡುವ ಅವಕಾಶ ಕೇಳಿಕೊಂಡು ಹೋಗಿ ಸಿಗದೆ ವಾಪಸ್ ಬಂದರು, ಬೋರ್ಡಿನ ಮೇಲಿದ್ದ ಹೆಸರನ್ನು ಮಾತ್ರ ಜೊತೆಗೆ ತಂದರು. 1962ರಲ್ಲಿ ಅದೇ ಹೆಸರು ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 1964ರ ಅವರ 'ರ‍್ಯಾಗ್ ಡಾಲ್' ಹಾಡು ಹುಟ್ಟಿದ್ದು, ಸಿಗ್ನಲ್‌ನಲ್ಲಿ ನಿಂತ ಕಾರಿನ ಗಾಜು ಒರೆಸಿ ಕಾಸಿಗೆ ಕೈಚಾಚಿದ ಒಬ್ಬ ಬಡ ಹುಡುಗಿಯನ್ನು ಅದೇ ಗುಂಪಿನ ಬಾಬ್ ಗಾಡಿಯೊ ಕಂಡದ್ದರಿಂದ. ಡ್ರಿಫ್ಟರ್ಸ್ ಗುಂಪು 1962ರಲ್ಲಿ ಹಾಡಿದ ಒಂದು ಹಾಡಂತೂ, ದಿನವೆಲ್ಲ ದುಡಿದು ಸುಸ್ತಾಗಿ ಬಂದವನು ಮನೆಯ ತಾರಸಿಗೆ ಹತ್ತಿ ಉಸಿರು ಬಿಡುವುದರ ಬಗ್ಗೆಯೇ ಇದೆ. ಸಾಹಿತ್ಯ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ.

ನಮ್ಮ ಹಿರಿಯರಿಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಫೈವ್ ಸ್ಯಾಟಿನ್ಸ್ ಗುಂಪಿನ 'ಇನ್ ದಿ ಸ್ಟಿಲ್ ಆಫ್ ದಿ ನೈಟ್'. 1956ರದ್ದು. ಅದನ್ನು ಬರೆದ ಫ್ರೆಡ್ ಪ್ಯಾರಿಸ್ ಆಗ ಸೈನ್ಯದಲ್ಲಿದ್ದರು, ರಾತ್ರಿ ಕಾವಲು ನಿಂತಾಗ ಹೊಳೆದ ಹಾಡು ಅದು. ಧ್ವನಿಮುದ್ರಣ ಆದದ್ದು ಕನೆಕ್ಟಿಕಟ್‌ನ ನ್ಯೂ ಹೇವನ್ ಊರಿನಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಹಾಡು ರೇಡಿಯೊದಲ್ಲಿ ಓಡುವ ಹೊತ್ತಿಗೆ ಬರೆದವರು ಜಪಾನಿನಲ್ಲಿ ಡ್ಯೂಟಿ ಮೇಲಿದ್ದರು. ರಾತ್ರಿ ಕೆಲಸದವನು ಬರೆದ ಹಾಡು ಇದು, ಕೇಳಿದರೆ ಗೊತ್ತಾಗಲ್ವಾ ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನನಗೂ ಗೊತ್ತಾಗುತ್ತಿತ್ತು. ಮೂರು ಗಂಟೆ ರಾತ್ರಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ನಿಂತು, ನಿದ್ದೆ ಕಣ್ಣಲ್ಲಿ ಆ ಹಾಡು ಕೇಳಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಕಥೆ ಕಹಿ. ಬ್ರಾಂಕ್ಸಿನ ಕಪ್ಪು ಹುಡುಗರ ಗುಂಪು ಕಾರ್ಡ್ಸ್ 1954ರಲ್ಲಿ 'ಶ-ಬೂಮ್' ಬರೆದು ಹಾಡಿತು. ಅದೇ ವರ್ಷ ಕೆನಡಾದ ಬಿಳಿಯರ ಗುಂಪೊಂದು ಅದನ್ನೇ ಹಾಡಿ ಮೊದಲ ಸ್ಥಾನ ತೆಗೆದುಕೊಂಡಿತು. ಫ್ರಾಂಕಿ ಲೈಮನ್ 'ವೈ ಡು ಫೂಲ್ಸ್ ಫಾಲ್ ಇನ್ ಲವ್' ಹಾಡಿ 13ನೇ ವಯಸ್ಸಿಗೇ ದೇಶಕ್ಕೆಲ್ಲ ಗೊತ್ತಾದ ಹುಡುಗ, 25ಕ್ಕೆ ಹೆರಾಯಿನ್‌ಗೆ ಬಲಿಯಾದ. ಅವನ ಜೊತೆ ಹಾಡಿದ ಇಬ್ಬರು, ಆ ಹಾಡು ಬರೆದವರು ನಾವು ಅಂತ ಕೋರ್ಟಿಗೆ ಹೋದರು. 1992ರಲ್ಲಿ ಗೆದ್ದರು. 1996ರಲ್ಲಿ ಮೇಲಿನ ಕೋರ್ಟು, ದಾವೆ ಹೂಡುವ ಕಾಲಮಿತಿ ಮೀರಿದೆ ಅಂತ ತೀರ್ಪನ್ನೇ ತಿರುಗಿಸಿತು. ಇದನ್ನು ಓದಿ ಹೇಳಿದಾಗ ನಮ್ಮ ಬೆಂಚಿನಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಮಾಡಿದ ಕೆಲಸದ ಲಾಭ ಇನ್ನೊಬ್ಬರ ಜೇಬಿಗೆ ಹೋಗುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿದ್ದ ಸಂಗತಿ. ಈ ಹಾಡುಗಳು ತಮ್ಮವು ಅಂತ ಅವರಿಗೆ ಅನ್ನಿಸಿದ್ದಕ್ಕೆ ಅದೂ ಒಂದು ಕಾರಣ ಅಂತ ನನ್ನ ನಂಬಿಕೆ.

ಇನ್ನೊಂದು ಕಾರಣ ಹಾಡಿನ ಕಟ್ಟಡದಲ್ಲೇ ಇದೆ. ಇಂಥ ನೂರಾರು ಹಾಡುಗಳು ಅವೇ ನಾಲ್ಕು ಸ್ವರಗುಚ್ಛಗಳ (ಒಟ್ಟಿಗೆ ನುಡಿಯುವ ಸ್ವರಗಳ) ಮೇಲೆ ನಿಂತಿವೆ, ಅದೇ ಕ್ರಮದಲ್ಲಿ ಸುತ್ತುತ್ತಿರುತ್ತವೆ. ವಿಮರ್ಶಕರು ಇದನ್ನು ಕೊರತೆ ಅನ್ನಬಹುದು. ನನಗೆ ಅದೇ ಇದರ ದೊಡ್ಡ ಗುಣ. ನಿಮ್ಮ ಪಾಲು ಒಮ್ಮೆ ಗೊತ್ತಿದ್ದರೆ ಸಾಕು, ಗುರುತೇ ಇಲ್ಲದ ಮೂರು ಜನರ ಜೊತೆ ನಿಂತು ಹಾಡಬಹುದು. ಗೋದಾಮಿನ ಕೆಲಸದಲ್ಲಿ ಇವತ್ತು ನಾನು ಬರದಿದ್ದರೆ ನಾಳೆ ಇನ್ನೊಬ್ಬ ನನ್ನ ಬೆಂಚಿನಲ್ಲಿ ಇರುತ್ತಾನೆ, ಡಬ್ಬಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಆ ಮೆಟ್ಟಿಲ ಮೇಲೆ ಎರಡನೇ ಟೆನರ್ ಬರದಿದ್ದರೆ ಮಿಕ್ಕವರಿಗೆ ತಕ್ಷಣ ತಿಳಿಯುತ್ತಿತ್ತು. ಅವನ ಮನೆಗೆ ಹೋಗಿ ಕರೆದು ತರುತ್ತಿದ್ದರು.

ಆ ಗುಂಪು ಏನಾಯಿತು ಅಂದರೆ, ಒಬ್ಬ ಸೈನ್ಯಕ್ಕೆ ಹೋದ, ಒಬ್ಬ ಲಿಂಡೆನ್ ಊರಿನ ಕಾರು ಕಾರ್ಖಾನೆಗೆ ಸೇರಿದ, ಇನ್ನೊಬ್ಬನ ಮನೆಯವರು 1967ರ ನ್ಯೂವಾರ್ಕ್ ಗಲಭೆ ಆದಮೇಲೆ ಊರು ಬಿಟ್ಟರು. ಮೆಟ್ಟಿಲಿದ್ದ ಕಟ್ಟಡವನ್ನೂ ಕೆಡವಿದರು. ಲಿಂಡೆನ್‌ನ ಕಾರ್ಖಾನೆ 2005ರ ಏಪ್ರಿಲ್‌ನಲ್ಲಿ ಮುಚ್ಚಿತು. ಅಷ್ಟು ಹೊತ್ತಿಗೆ ಮೂವರಲ್ಲಿ ಇಬ್ಬರು ತೀರಿಕೊಂಡಿದ್ದರು. ಇವರ 'ಊ'ಗೆ ಜೊತೆ ಸಿಗುತ್ತಿದ್ದದ್ದು ರೇಡಿಯೊದಲ್ಲಿ ಮಾತ್ರ.

ಆ ವರ್ಷ ಜೂನ್ 3ರ ಶುಕ್ರವಾರ ಸಂಜೆ ರೇಡಿಯೊ ಕೂಡ ಹೋಯಿತು. ನ್ಯೂಯಾರ್ಕಿನ ದೊಡ್ಡ ಎಫ್‌ಎಂ ಕೇಂದ್ರವೊಂದು, ಮೂವತ್ತಕ್ಕೂ ಹೆಚ್ಚು ವರ್ಷದಿಂದ ಹಳೆ ಹಾಡು ಹಾಕುತ್ತಿದ್ದದ್ದು, ದಿಢೀರ್ ಅಂತ ಬೇರೆ ಥರದ ಹಾಡುಗಳಿಗೆ ತಿರುಗಿತು. ನಾವು ಪಾಳಿಗೆ ಬಂದು ರೇಡಿಯೊ ಹಾಕಿದರೆ ಏನೇನೋ ಬರುತ್ತಿದೆ. ಕೇಂದ್ರ ತಪ್ಪಿತೇನೋ ಅಂತ ನಮ್ಮ ಹಿರಿಯರು ಗುಂಡಿ ತಿರುಗಿಸಿದರು, ಆಂಟೆನಾ ಎಳೆದರು, ಇನ್ನೊಮ್ಮೆ ತಿರುಗಿಸಿದರು. ಆಮೇಲೆ ಆರಿಸಿಬಿಟ್ಟರು. 2007ರ ಜುಲೈನಲ್ಲಿ ಆ ಕೇಂದ್ರ ಹಳೆ ಹಾಡಿಗೆ ಮರಳಿತು, ನಿಜ, ಆದರೆ 50ರ ದಶಕದ ಹಾಡುಗಳು ಬಹಳ ಕಡಿಮೆಯಾಗಿದ್ದವು.

ರೇಡಿಯೊ ಹೋದಮೇಲೂ ಅವರ ಗುನುಗು ನಿಲ್ಲಲಿಲ್ಲ. ಒಂದು ರಾತ್ರಿ ಲೋಡಿಂಗ್ ಬಾಗಿಲ ಹತ್ತಿರ ಲಾರಿ ಇಳಿಸಲು ಕಾಯುತ್ತಿದ್ದ ಚಾಲಕನೊಬ್ಬ, ಐವತ್ತೈದರ ಆಸುಪಾಸಿನ ಬಿಳಿಯ, ನಮಗೆ ಅವನ ಸಹಿ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ, ಇದ್ದಕ್ಕಿದ್ದಂತೆ ತಲೆಯೆತ್ತಿ ನೋಡಿದ. ಇವರು ಹಿಡಿದಿದ್ದ ಸ್ವರದ ಕೆಳಗೆ ತನ್ನ ಸ್ವರ ಇಟ್ಟ. ಇವರು ತಿರುಗಿ ನೋಡಲಿಲ್ಲ, ಡಬ್ಬ ಮಡಚುವುದನ್ನೂ ನಿಲ್ಲಿಸಲಿಲ್ಲ, ಸ್ವಲ್ಪ ಜೋರಾಗಿ ಹಾಡಿದರು ಅಷ್ಟೇ. ಎರಡೇ ದನಿ. ಹಾಡಿನ ಮಾತು ಹೇಳುವವರು ಯಾರೂ ಇಲ್ಲ. ಆದರೂ ಅಲ್ಲಿದ್ದ ನಮಗೆಲ್ಲ ಅದು ಯಾವ ಹಾಡು ಅಂತ ತಿಳಿಯಿತು. ಒಂದು ಸುತ್ತು ಮುಗಿಯುವಷ್ಟರಲ್ಲಿ ಫೋರ್ಕ್‌ಲಿಫ್ಟ್ ಬಂತು, ಚಾಲಕ ಕಾಗದಕ್ಕೆ ಸಹಿ ಹಾಕಿ ಹೊರಟ. ಇವರು ಆ ರಾತ್ರಿಯೆಲ್ಲ ಮಾತಾಡಲಿಲ್ಲ. ಬೆಳಿಗ್ಗೆ ಕಾರ್ಡ್ ಪಂಚ್ ಮಾಡುವಾಗ ನನಗೆ ಒಂದೇ ಮಾತು ಹೇಳಿದರು: "ಬ್ಯಾರಿಟೋನ್. ಒಳ್ಳೆ ಬ್ಯಾರಿಟೋನ್."

ನೀವು ಕೇಳಿ ನೋಡಬೇಕು ಅಂತಿದ್ದರೆ ಆ ಫೈವ್ ಸ್ಯಾಟಿನ್ಸ್ ಹಾಡಿನಿಂದಲೇ ಶುರು ಮಾಡಿ. ಇಯರ್‌ಫೋನ್ ಹಾಕಿಕೊಳ್ಳಿ, ಫೋನಿನ ಸ್ಪೀಕರ್‌ನಲ್ಲಿ ಬೇಡ, ಕೆಳಗಿನ ದನಿಗಳು ಅದರಲ್ಲಿ ಕೇಳಿಸುವುದಿಲ್ಲ. ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಮುಂದೆ ಹಾಡುವವರನ್ನು ಬಿಟ್ಟುಬಿಡಿ, ಹಿಂದಿನವರಲ್ಲಿ ಯಾರಾದರೂ ಒಬ್ಬರ ದನಿ ಹಿಡಿದುಕೊಂಡು ಕೊನೆವರೆಗೂ ಹೋಗಿ. ಮಧ್ಯೆ ತಪ್ಪಿಹೋಗುತ್ತದೆ, ನನಗೂ ಎಷ್ಟೋ ದಿನ ತಪ್ಪುತ್ತಿತ್ತು. ಆಗ ಮತ್ತೆ ಮೊದಲಿಂದ ಹಾಕಿ.