ನಿನ್ನ ಲೇಖನ ಐದನೇ ಪ್ಯಾರಾದಾಗ ಶುರು ಆಗ್ತೈತಿ

ತಂಗಿ, ಬೆಟಗೇರಿಯಿಂದ ನೀ ಕಳಿಸಿದ ‘ಕೋಶ ವಿಭಜನೆ ಮತ್ತು ಕ್ಯಾನ್ಸರ್’ ಎರಡ್ ಸಲ ಓದಿದೆ. ಈಗ ಇದ್ದಂಗ ಪತ್ರಿಕ್ಯಾಗ ಹಾಕಾಕ ಆಗಂಗಿಲ್ಲ. ಆದ್ರ ಬಿಡೂ ಹಂಗೂ ಇಲ್ಲ, ಅದಕ್ಕ ಇಷ್ಟ ಉದ್ದ ಬರಿಯಾಕತ್ತೇನಿ.

‘ಮಾನವ ದೇಹವೊಂದು ಅದ್ಭುತ ಯಂತ್ರ’ ಅಂತ ಶುರು ಮಾಡೀದಿ, ಈ ಸಾಲು ನಮಗ ವಾರಕ್ಕೊಂದರ ಬರ್ತೈತಿ ನೋಡು. ಆಮ್ಯಾಲೆ ಕೋಶ ವಿಭಜನೆಯ ಹಂತ ಜಿ1, ಎಸ್, ಜಿ2, ಎಂ ಅಂತ ಪಟ್ಟಿ, ಅದು ಪರೀಕ್ಷಾ ಪೇಪರಿಗೆ ಆತು, ಸಂತಿ ಮುಗಿಸ್ಕೊಂಡ ಬಂದು ಬಸ್ಸಿನ್ಯಾಗ ಓದಾವ್ರಿಗೆ ಅಲ್ಲ. ಮೊದಲಿನ ನಾಲ್ಕೂ ಪ್ಯಾರಾ ತಗದ ಹಾಕು.

ಐದನೇದರಾಗ ಒಂದ ಸಾಲ ಐತಿ. ಹಾಸಿನ ಎಳಿ ಒಂದ ಹರದ್ರೂ ಅಪ್ಪ ಲಾಳಿ ಬಿಟ್ಟು ಮಗ್ಗ ನಿಲ್ಲಸ್ತಾನ, ಗಂಟ ಹಾಕಿದ ಮ್ಯಾಲೇ ಮುಂದ ಅಂತ. ಅಲ್ಲೇ ಐತೆವ್ವಾ ನಿನ್ನ ಲೇಖನ! ಕೋಶದಾಗೂ ಹಂಗ, 46 ಕ್ರೋಮೋಸೋಮ್ (ಜೀನ್ ಹೊತ್ತ ಡಿಎನ್‌ಎ ಸುರುಳಿ) ಕಾಪಿ ಆಗಿ, ಪ್ರತಿ ಜೋಡೀನೂ ಕೋಶದ ಎರಡೂ ತುದಿಯಿಂದ ಬರೂ ಎಳಿಗೆ ಸರಿಯಾಗಿ ಸಿಗೂತನಕ ಕೋಶ ಅವನ್ನ ಬ್ಯಾರೆ ಬ್ಯಾರೆ ಜಗ್ಗೂದಿಲ್ಲ, ಒಂದ ಸಿಗದ ಉಳದ್ರೂ ಅದ ಸ್ವತಃ ‘ತಡೀರಿ’ ಅಂತ ಸಿಗ್ನಲ್ ಕೊಡ್ತೈತಿ. ಅಪ್ಪ ಕಣ್ಣಿಲೆ ಹುಡುಕಬೇಕು, ಇಲ್ಲಿ ಸಿಗದ ಉಳದದ್ದ ಕೂಗ್ತೈತಿ, ಈ ಫರಕ್ ಬಿಡಿಸಿ ಬರಿ. ತಡೀಲಿಲ್ಲಂದ್ರ ಒಂದ ಮರಿಕೋಶಕ್ಕ 47, ಇನ್ನೊಂದಕ್ಕ 45. ಹಿಂಗ ಲೆಕ್ಕ ತಪ್ಪಿದ್ರಿಂದ ಕ್ಯಾನ್ಸರ್ ಗಡ್ಡಿ ಹುಟ್ಟಬಹುದು ಅಂತ ಜರ್ಮನಿಯ ಜೀವವಿಜ್ಞಾನಿ ಬೊವೇರಿ 1914ರಾಗ ಬರದಿದ್ದ, ಅದೂ ಸೀ ಅರ್ಚಿನ್ ಅನ್ನೂ ಸಮುದ್ರದ ಮುಳ್ಳಿನ ಪ್ರಾಣಿಯ ತತ್ತಿ ನೋಡಿದ ಅನುಭವದ ಮ್ಯಾಲೆ. ಅಂವನ್ನ ಬಿಟ್ಟು 2001ರ ನೋಬೆಲ್ಲಿಗೆ ಅರ್ಧ ಪುಟ ಕೊಟ್ಟೀದಿ. ಅದನ್ನ ಪಡದವರಾಗ ಒಬ್ಬನಾದ ಹಾರ್ಟ್‌ವೆಲ್, ಡಿಎನ್‌ಎ ಕೆಟ್ಟಾಗ ಕೋಶ ಹಿಂಗ ತಡದು ನಿಲ್ಲೂದನ್ನ ಬ್ರೆಡ್ಡಿನ ಯೀಸ್ಟಿನ್ಯಾಗ ಅಭ್ಯಾಸ ಮಾಡಿದ ಅಂದ್ರ ಸಾಕು.

ಇನ್ನ ತಪ್ಪು. ಪಿ53 ‘ಕ್ಯಾನ್ಸರ್ ತರುವ ಜೀನ್’ ಅಂದೀದಿ, ಪೂರಾ ಉಲ್ಟಾ! ಡಿಎನ್‌ಎ ಹರದಾಗ ವಿಭಜನೆ ನಿಲ್ಲಿಸಿ ರಿಪೇರಿಗೆ ಟೈಮ್ ಕೊಡಸೂದು, ರಿಪೇರಿ ಆಗ್ಲಿಲ್ಲಂದ್ರ ಆ ಕೋಶಾನ್ನ ಸಾಯಾಕ ಹಚ್ಚೂದು ಅದರ ಕೆಲಸ, ಅದ ಕೆಟ್ಟಾಗ ತ್ರಾಸು, ಮತ್ತ ಮನುಷ್ಯರ ಕ್ಯಾನ್ಸರಿನ್ಯಾಗ ಹೆಚ್ಚುಕಮ್ಮಿ ಅರ್ಧದಷ್ಟರಾಗ ಅದು ಕೆಟ್ಟಿರ್ತೈತಿ. ನಮಗ ಅದರ ಕಾಪಿ 2, ಆನಿಗೆ ಸುಮಾರು 40. ಇದನ್ನ ಹಾಕು, ಹುಡುಗ್ರು ಓದ್ತಾರ. ‘ಒಂದ ಮ್ಯುಟೇಶನ್ (ಜೀನಿನ್ಯಾಗ ಬದಲಾವಣಿ) ಆದ್ರ ಕ್ಯಾನ್ಸರ್’ ಅಂತ ಜನರನ್ನ ಹೆದರಸಬ್ಯಾಡ, ಸಾಮಾನ್ಯವಾಗಿ ಹಲವು ತಪ್ಪು ವರ್ಷಗಟ್ಲೆ ಕೂಡಬೇಕಾಗ್ತೈತಿ. ಕಡೀಕ ಅಂಟಿಸಿದ ಗುಟ್ಕಾ ಉಪದೇಶಾನೂ ಬ್ಯಾಡ.

ಅಮಾಸಿ ಒಳಗ ತಿದ್ದಿ ಕಳಸು. ಅದಕ್ಕಿಂತ ಮೊದ್ಲ ಅಪ್ಪಗ ಒಂದ ಮಾತ ಕೇಳು, ಎಳಿ ಹರದದ್ದು ಕಾಣ್ದನ ನೇಯ್ದಬಿಟ್ಟ ಸೀರಿ ಯಾವಾಗರ ಇತ್ತೇನು, ಅದನ್ನ ಏನ ಮಾಡಿದ್ರಿ ಅಂತ.