ಬೆನ್ನು ಹಿಡಿದ ಡ್ಯಾಶ್‌ಹಂಡ್, ಸೋಫಾ ಹತ್ತದ ಬೆಕ್ಕು: ಅಕ್ಯುಪಂಕ್ಚರ್ ಸೂಜಿ ಎಷ್ಟರಮಟ್ಟಿಗೆ ನೆರವಾಗುತ್ತದೆ?

ಪ್ರಶ್ನೆ: ನಮ್ಮ 6 ವರ್ಷದ ಡ್ಯಾಶ್‌ಹಂಡ್ ನಾಯಿ ಐದು ದಿನದ ಹಿಂದೆ ಸೋಫಾದಿಂದ ಹಾರಿದ್ದೇ ತಡ, ಹಿಂಗಾಲು ಎಳೆದುಕೊಂಡು ತೂರಾಡುತ್ತಿದೆ. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಜಾರಿದೆ ಎಂದು ಡಾಕ್ಟರು ಮಾತ್ರೆ ಕೊಟ್ಟು, ಒಂದು ತಿಂಗಳು ಬೋನಿನಲ್ಲೇ ಇಡಿ ಎಂದಿದ್ದಾರೆ. ಅಕ್ಯುಪಂಕ್ಚರ್ (ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ) ಮಾಡಿಸಿದರೆ ಬೋನು ತಪ್ಪುತ್ತದೆಯೇ? ಸೂಜಿ ನೋಯುವುದಿಲ್ಲವೇ? (ಮೈಸೂರಿನ ಓದುಗರು)

ಉತ್ತರ: ಬೋನು ತಪ್ಪುವುದಿಲ್ಲ. ಸೂಜಿ ಹಾಕಿಸಿದರೆ ಇನ್ನೂ ಕಟ್ಟುನಿಟ್ಟಾಗಿ ಬೋನಿನಲ್ಲಿ ಇಡಬೇಕು. ಸೂಜಿ ನೋವನ್ನೂ ಬೆನ್ನಿನ ಸ್ನಾಯುಗಳ ಬಿಗಿತವನ್ನೂ ಇಳಿಸುತ್ತದೆ, ಜಾರಿದ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ಎರಡು ಸಲ ಸೂಜಿ ಹಾಕಿಸಿಕೊಂಡು ಹಗುರಾದ ನಾಯಿ ಮತ್ತೆ ಸೋಫಾಕ್ಕೆ ಹಾರುತ್ತದೆ, ಒಡೆದ ಡಿಸ್ಕಿನ ಉಳಿದ ಭಾಗವೂ ಹೊರಬಂದು ಬೆನ್ನುಹುರಿಯನ್ನು ಒತ್ತುತ್ತದೆ. ಈ ಚಿಕಿತ್ಸೆ ಕೆಟ್ಟುಹೋಗುವುದು ಹೆಚ್ಚಾಗಿ ಹೀಗೆಯೇ. ಆದ್ದರಿಂದ ನಾಲ್ಕು ವಾರ ಬೋನು, ಮೂತ್ರಕ್ಕೆ ಹೊರಗೆ ಒಯ್ಯುವಾಗ ಎದೆಪಟ್ಟಿ, ಹೊಟ್ಟೆಯಡಿ ಒಂದು ಟವೆಲ್ಲಿನ ಆಸರೆ. ಕೊರಳಪಟ್ಟಿ ಬೇಡ.

ಸೂಜಿಗೆ ಮುಂಚೆ ಆಗಬೇಕಾದ ಪರೀಕ್ಷೆಯೊಂದಿದೆ. ಡಾಕ್ಟರು ಇಕ್ಕಳದಲ್ಲಿ ಹಿಂಗಾಲಿನ ಬೆರಳಿನ ಮೂಳೆಯನ್ನೇ ಬಲವಾಗಿ ಒತ್ತುತ್ತಾರೆ. ನಾಯಿ ಕಾಲು ಹಿಂದಕ್ಕೆ ಎಳೆದುಕೊಂಡಿತೆಂದು ಸಮಾಧಾನಪಡಬೇಡಿ, ಅದು ಮಿದುಳಿಗೆ ಸುದ್ದಿ ಮುಟ್ಟದಿದ್ದರೂ ಆಗುವ ಪ್ರತಿವರ್ತನೆ. ತಿರುಗಿ ನೋಡಬೇಕು, ಕುಂಯ್ ಎನ್ನಬೇಕು, ಇಲ್ಲವೇ ಕಚ್ಚಲು ಬರಬೇಕು. ಅದ್ಯಾವುದೂ ಇಲ್ಲದಿದ್ದರೆ ಸೂಜಿಯ ಮಾತೇ ಬೇಡ, ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಮತ್ತು ಶಸ್ತ್ರಚಿಕಿತ್ಸೆ ಇರುವಲ್ಲಿಗೆ ಅಂದೇ ಹೊರಡಿ. ಆ ಹಂತದಲ್ಲಿ ಶಸ್ತ್ರಚಿಕಿತ್ಸೆ ಆದರೂ ನಡೆಯುವುದು ಹೆಚ್ಚುಕಡಿಮೆ ಅರ್ಧದಷ್ಟು ನಾಯಿಗಳು. ನಿಮ್ಮದು ಇನ್ನೂ ಹೆಜ್ಜೆ ಇಡುತ್ತಿದೆ, ಅದು ಒಳ್ಳೆಯ ಲಕ್ಷಣ. ಆದರೆ ಇವತ್ತು ತೂರಾಡುವುದು ನಾಳೆ ಎದ್ದು ನಿಲ್ಲದೇ ಹೋಗಬಹುದು, ದಿನಕ್ಕೆರಡು ಸಲ ಗಮನಿಸಿ.

ನೋವಿನ ವಿಷಯ: ಇಂಜೆಕ್ಷನ್ ಸೂಜಿ ಟೊಳ್ಳು, ಅಂಚು ಚರ್ಮವನ್ನು ಕೊಯ್ಯುತ್ತದೆ. ಅಕ್ಯುಪಂಕ್ಚರ್ ಸೂಜಿ ಗಟ್ಟಿ ತಂತಿ, ನಾಯಿಗೆ ಸಾಮಾನ್ಯವಾಗಿ 0.20ರಿಂದ 0.25 ಮಿ.ಮೀ. ದಪ್ಪ. ಚುಚ್ಚುವಾಗ ಚರ್ಮ ಒಂದು ಕ್ಷಣ ಅದುರುತ್ತದೆ, ಅಷ್ಟೆ. ಕೂಗಿದರೆ ಆ ಸೂಜಿ ತೆಗೆದು ಸ್ವಲ್ಪ ಪಕ್ಕಕ್ಕೆ ಹಾಕಬೇಕು.

ಡಿಸ್ಕ್ ತೊಂದರೆಗೆ ಬೆನ್ನುಮೂಳೆಯ ಎರಡೂ ಬದಿಯ ಸ್ನಾಯುವಿನಲ್ಲಿ ಜಾರಿದ ಜಾಗಕ್ಕಿಂತ ಹಿಂದೆ ಮುಂದೆ, ಸೊಂಟ ಮತ್ತು ತ್ರಿಕದ (ಬಾಲದ ಬುಡದ ಮುಂದಿನ ಮೂಳೆ) ನಡುವಿನ ಗುಳಿಯಲ್ಲಿ, ಹಿಂಗಾಲಿನ ಮಂಡಿಯ ಕೆಳಗೆ ಹೊರಬದಿಯಲ್ಲಿ, ಬೆರಳುಗಳ ಸಂದಿಯಲ್ಲಿ, ಹೀಗೆ ಹತ್ತರಿಂದ ಇಪ್ಪತ್ತು ಸೂಜಿ. ಕೆಲವಕ್ಕೆ ಕ್ಲಿಪ್ ಸಿಕ್ಕಿಸಿ ಸಣ್ಣ ವಿದ್ಯುತ್ ಹಾಯಿಸುತ್ತಾರೆ. ಸೆಕೆಂಡಿಗೆ ಎರಡು ಮಿಡಿತ ಇಟ್ಟಾಗ ಬೆನ್ನಿನ ಸ್ನಾಯು ಟಿಕ್ ಟಿಕ್ ಎಂದು ಕುಣಿಯುವುದು ಕಣ್ಣಿಗೇ ಕಾಣುತ್ತದೆ. 15ರಿಂದ 20 ನಿಮಿಷ, ವಾರಕ್ಕೆ ಒಂದೋ ಎರಡೋ ಸಲ. ಮಾತ್ರೆಯ ಜೊತೆಗೆ ಇದನ್ನೂ ಕೊಟ್ಟ ನಾಯಿಗಳು ಮಾತ್ರೆಯಷ್ಟೇ ಪಡೆದವಕ್ಕಿಂತ ಬೇಗ ನಡೆದದ್ದು 2007ರಲ್ಲಿ ಪ್ರಕಟವಾದ 50 ನಾಯಿಗಳ ಅಧ್ಯಯನದಲ್ಲಿದೆ. ಸಣ್ಣ ಅಧ್ಯಯನ, ಆದರೂ ಜೊತೆ ಚಿಕಿತ್ಸೆಯಾಗಿ ಪ್ರಯತ್ನಿಸಲು ಅಷ್ಟು ಸಾಕು ಎಂಬುದು ನಮ್ಮ ಅಭಿಪ್ರಾಯ. ಆರು ಸಲ ಆದರೂ ಏನೂ ಬದಲಾಗದಿದ್ದರೆ ನಿಲ್ಲಿಸಿ.

ಮೊದಲ ಭೇಟಿಗೆ ರಕ್ತಪರೀಕ್ಷೆಯ ವರದಿ ಒಯ್ಯಿರಿ. ನಮ್ಮ ಕಡೆಯ ನಾಯಿಗಳಲ್ಲಿ ಟಿಕ್ ಫೀವರ್ (ಉಣ್ಣೆ ಕಚ್ಚಿ ಬರುವ ಜ್ವರ) ಹೊರಗೆ ಕಾಣದೇ ಇರುವುದುಂಟು, ಅದರಿಂದ ಪ್ಲೇಟ್‌ಲೆಟ್ (ರಕ್ತಸ್ರಾವ ನಿಲ್ಲಿಸುವ ಕಣ) ಕುಸಿದಿದ್ದರೆ ಸೂಜಿ ಹಾಕಿದಲ್ಲಿ ಚರ್ಮದಡಿ ರಕ್ತ ಒಸರಿ ಊದಿಕೊಳ್ಳಬಹುದು. ಗಡ್ಡೆಯ ಮೇಲೆ, ಕೀವಾದ ಚರ್ಮದ ಮೇಲೆ ಸೂಜಿ ಬೇಡ. ಗಬ್ಬದ ನಾಯಿಗೂ ಫಿಟ್ಸ್ ಬರುವ ನಾಯಿಗೂ ವಿದ್ಯುತ್ ಬೇಡ. ಪಕ್ಕೆಲುಬಿನ ಮೇಲೆ ಸ್ನಾಯು ತೆಳು, ನೇರವಾಗಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೆ ತಾಗುತ್ತದೆ. ಆದ್ದರಿಂದ ಅಲ್ಲಿ ಓರೆಯಾಗಿಯೇ ಹಾಕಬೇಕು. ಹಾಕಿದಷ್ಟೇ ಸೂಜಿ ಹೊರಬಂದವೇ ಎಂದು ಎಣಿಸಿ, ಮೈ ಕೊಡವಿ ಬಿದ್ದದ್ದನ್ನು ನಾಯಿ ನುಂಗಿದ್ದರೆ ಎಕ್ಸ್‌ರೇ ಬೇಕಾಗುತ್ತದೆ.

ಇನ್ನೆರಡು ಮಾತು. ಮೊದಲ ಡಾಕ್ಟರು ಸ್ಟೀರಾಯ್ಡ್ ಕೊಟ್ಟಿದ್ದರೆ ಅದರ ಜೊತೆ ಮೆಲಾಕ್ಸಿಕಾಂನಂಥ ನೋವಿನ ಮಾತ್ರೆ ಸೇರಬಾರದು. ಹೊಟ್ಟೆ, ಕರುಳಿನಲ್ಲಿ ಹುಣ್ಣಾಗುತ್ತದೆ, ಮಲ ಡಾಂಬರಿನಂತೆ ಕಪ್ಪಾಗುತ್ತದೆ. ಹಾಸಿಗೆ ಸದಾ ಒದ್ದೆ ಇದೆಯೆಂದರೆ ಮೂತ್ರ ಸರಿಯಾಗಿ ಹೋಗುತ್ತಿದೆ ಎಂದುಕೊಳ್ಳಬೇಡಿ. ತುಂಬಿದ ಮೂತ್ರಚೀಲ ತುಳುಕುತ್ತಿರಬಹುದು. ಹೊಟ್ಟೆಯ ಹಿಂಭಾಗವನ್ನು ಅಂಗೈಯಲ್ಲಿ ಮೆಲ್ಲಗೆ ಹಿಡಿದರೆ ನೀರು ತುಂಬಿದ ಬಲೂನಿನಂತೆ ಸಿಗುತ್ತದೆ. ಖಾಲಿ ಮಾಡುವುದನ್ನು ಡಾಕ್ಟರ ಕೈಯಿಂದ ಕಲಿತು ದಿನಕ್ಕೆ ಮೂರು ನಾಲ್ಕು ಸಲ ಮಾಡಿ.

ಪ್ರಶ್ನೆ: 14 ವರ್ಷದ ಬೆಕ್ಕು, ಕಿಡ್ನಿ ದುರ್ಬಲ. ಈಗ ಸೋಫಾ ಹತ್ತುತ್ತಿಲ್ಲ. ನೋವಿನ ಮಾತ್ರೆಗೆ ಹೆದರಿಕೆ. (ಧಾರವಾಡದ ಓದುಗರು)

ಉತ್ತರ: ಹೆದರಿಕೆ ಸರಿಯಾದದ್ದೇ. ಪ್ಯಾರಸಿಟಮಾಲ್ ಅಂತೂ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು. ಹೀಗೆ ಔಷಧಿಯ ಆಯ್ಕೆ ಕಡಿಮೆ ಇರುವ ಮುದಿ ಬೆಕ್ಕಿನಲ್ಲೇ ಸೂಜಿಯನ್ನು ಪ್ರಯತ್ನಿಸಿ ನೋಡಲು ಹೆಚ್ಚು ಅರ್ಥವಿದೆ. ಅದು ಕೀಲಿನ ನೋವಿಗೆ ಮಾತ್ರ, ಕಿಡ್ನಿಯನ್ನು ಸರಿಮಾಡುವುದಿಲ್ಲ. 0.16 ಮಿ.ಮೀ. ಸೂಜಿ, ಆರೆಂಟು ಸಾಕು, ಹತ್ತು ನಿಮಿಷ. ಬೆಕ್ಕನ್ನು ಒಯ್ದ ಬುಟ್ಟಿಯ ಮೇಲ್ಮುಚ್ಚಳ ತೆಗೆದು, ಅದರದೇ ಟವೆಲ್ಲಿನಲ್ಲಿ ಕೂರಿಸಿಯೇ ಹಾಕಿಸಿ. ಮೊದಲ ಸೂಜಿ ಎರಡು ಕಿವಿಗಳ ನಡುವೆ ನೆತ್ತಿಗೆ, ಬೆಕ್ಕು ಶಾಂತವಾದ ಮೇಲೆ ಉಳಿದವು. ಮನೆಯಲ್ಲಿ ಸೋಫಾದ ಪಕ್ಕ 15 ಸೆ.ಮೀ. ಎತ್ತರದ ಮೆಟ್ಟಿಲಿಡಿ, ಮರಳಿನ ತಟ್ಟೆಯ ಅಂಚು ತಗ್ಗಿರಲಿ.

ಹಿಂಗಾಲು ಇದ್ದಕ್ಕಿದ್ದಂತೆ ಬಿದ್ದು, ಪಾದ ತಣ್ಣಗಾಗಿ, ಬೆಕ್ಕು ಕಿರುಚುತ್ತಿದ್ದರೆ ಅದು ಕೀಲುನೋವಲ್ಲ, ಹೃದಯದಿಂದ ಬಂದ ರಕ್ತದ ಹೆಪ್ಪು. ಗಂಡು ಬೆಕ್ಕು ತಟ್ಟೆಗೆ ಹೋಗಿ ತಿಣುಕಿಯೂ ಮೂತ್ರ ಬಾರದಿದ್ದರೆ ಅದೂ ತುರ್ತು. ಎರಡಕ್ಕೂ ರಾತ್ರಿಯಾದರೂ ಆಸ್ಪತ್ರೆಗೇ ಹೋಗಬೇಕು.

ಪ್ರಶ್ನೆ: ಮನುಷ್ಯರಿಗೆ ಅಕ್ಯುಪಂಕ್ಚರ್ ಮಾಡುವವರು ನಾಯಿಗೂ ಹಾಕುತ್ತೇವೆ ಎನ್ನುತ್ತಾರೆ. ಹಾಕಿಸಬಹುದೇ? (ಬೆಂಗಳೂರಿನ ಓದುಗರು)

ಉತ್ತರ: ಬೇಡ. ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ 1984ರ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ಕೊಡಬೇಕಾದವರು ನೋಂದಾಯಿತ ಪಶುವೈದ್ಯರು. ನೋಂದಣಿ ಸಂಖ್ಯೆ ಕೇಳಿ, ಅಕ್ಯುಪಂಕ್ಚರ್ ತರಬೇತಿ ಎಲ್ಲಿ ಆಯಿತೆಂದೂ ಕೇಳಿ. ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು, ಒಮ್ಮೆ ಬಳಸಿದ್ದನ್ನು ಎಸೆಯಬೇಕು.