ಜಿನೋವಾದ ಏರಿಗೆ ಅಮ್ಮನ ಮಂಡಿ ತಡೆದುಕೊಳ್ಳುತ್ತದೆ, ಹೆದರಬೇಡಿ

ಇಟಲಿಯ ಜಿನೋವಾದಲ್ಲಿ ಒಂದೇ ದಿನ ಇದೆ, ಮಂಡಿನೋವಿನ ಅಮ್ಮನಿಗೆ ಅಲ್ಲಿಯ ಏರು ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಮ್ಮ ಮಡಿಕೇರಿಯ ಹಾಗೇ ಊರೆಲ್ಲ ಏರು ಇಳಿಜಾರು, ಆದರೆ ಅಲ್ಲಿ ಗುಡ್ಡ ಹತ್ತಲು ಲಿಫ್ಟ್ ಇದೆ! ಪೋರ್ಟೆಲ್ಲೊ ಚೌಕದ ಸುರಂಗದೊಳಗೆ ಸ್ವಲ್ಪ ನಡೆದು ಹಳೇ ಲಿಫ್ಟ್ ಹತ್ತಿದರೆ ಸೀದಾ ಗುಡ್ಡದ ಮೇಲಿನ ಕಾಸ್ಟೆಲೆಟ್ಟೊ ಬಡಾವಣೆ. ಕೆಳಗೆ ಬೂದು ಕಲ್ಲಿನ ಮಾಡುಗಳು, ಅದರಾಚೆ ಬಂದರಿನ ಕ್ರೇನುಗಳು, ಕಡಲು. ಅಲ್ಲಿ ಸುಮ್ನೆ ಕೂರಿ, ಅವಸರ ಬೇಡ. ಇನ್ನೂ ಮೇಲೆ ಹೋಗುವ ಆಸೆ ಇದ್ದರೆ ಝೆಕ್ಕಾ ಚೌಕದಿಂದ ರೀಗಿ ಗುಡ್ಡಕ್ಕೆ ಹಗ್ಗ ಎಳೆಯುವ ರೈಲಿದೆ.

ಮಧ್ಯಾಹ್ನ ಹಳೇ ಊರಿನ ಓಣಿಗಳಲ್ಲಿ ಫರಿನಾಟಾ ಅನ್ನುವ ತಿಂಡಿ ತಿನ್ನಿ. ಕಡಲೆಹಿಟ್ಟು, ಆಲಿವ್ ಎಣ್ಣೆ, ದೊಡ್ಡ ತಾಮ್ರದ ತಟ್ಟೆ, ಸೌದೆ ಒಲೆ. ಅಂಚು ಗರಿಗರಿ, ಒಳಗೆ ಮೆತ್ತಗೆ. ಅಮ್ಮನಿಗೆ ಇಷ್ಟವಾಗುತ್ತದೆ ನೋಡಿ. ಸಂಜೆಗೆ ಹಳೇ ಬಂದರು, 1992ಕ್ಕೆ ವಾಸ್ತುಶಿಲ್ಪಿ ರೆಂಜೊ ಪಿಯಾನೊ ಹೊಸದಾಗಿ ರೂಪಿಸಿದ್ದು, ಬಹುತೇಕ ಸಮತಟ್ಟು.